ಮಡಿಕೆಯೊಳಗೆ ಮಡಗಿದ ಎರಡು ಇಂಚು

ಬೆಳೆಯುವ ಮಕ್ಕಳಿಗೆ ಬಟ್ಟೆ ಹೊಲಿಸುವಾಗ ಹಿಂದಿನವರು ದರ್ಜಿಗೆ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದರು: “ಬೆಳೆಯೋ ಮಗ, ಒಸಿ ಸಡ್ಲವಾಗೇ ಇರ್ಲಿ.” ಗೌರಿ ಹಬ್ಬಕ್ಕೆ ಹೊಲಿಸಿದ ಚಡ್ಡಿ ಮುಂದಿನ ಗೌರಿ ಹಬ್ಬಕ್ಕೂ ಆಗಬೇಕು, ಆಮೇಲೆ ತಮ್ಮನಿಗೂ ಬರಬೇಕು. ಹೀಗಾಗಿ ಮೊದಲ ವರ್ಷ ಚಡ್ಡಿ ಮೊಣಕಾಲು ದಾಟಿ ಇಳಿದಿರುತ್ತಿತ್ತು. ಎರಡನೇ ವರ್ಷ ಸರಿಹೋಗುತ್ತಿತ್ತು. ಮೂರನೇ ವರ್ಷ ತಮ್ಮನ ಮೈಮೇಲೆ ಮತ್ತೆ ಮೊಣಕಾಲಿಗಿಳಿಯುತ್ತಿತ್ತು. ಹಳೆಯ ಶಾಲಾ ಫೋಟೋಗಳಲ್ಲಿ ಮಕ್ಕಳೆಲ್ಲ ದೊಡ್ಡವರ ಬಟ್ಟೆಯೊಳಗೆ ಹೊಕ್ಕವರಂತೆ ಕಾಣುವುದು ಇದೇ ಕಾರಣಕ್ಕೆ.

ಈಗ ಬಟ್ಟೆಗೇ ವಯಸ್ಸು ಬಂದಿದೆ. ಅಂಗಡಿಯವರು ಮಗುವನ್ನು ನೋಡುವುದಿಲ್ಲ, “ಎಷ್ಟು ವರ್ಷ?” ಎಂದಷ್ಟೇ ಕೇಳುತ್ತಾರೆ. ನಾಲ್ಕು ಎಂದರೆ ನಾಲ್ಕರದೊಂದು ಪೊಟ್ಟಣ ಮುಂದೆ ಬೀಳುತ್ತದೆ. ಮಗುವಿಗೆ ಐದಾದರೆ ಆ ಬಟ್ಟೆಯ ಆಯಸ್ಸು ಮುಗಿಯಿತು. ಅದರ ಅಂಚನ್ನು ಬಿಚ್ಚಿ ನೋಡಿ, ಒಳಗೆ ಏನೂ ಇರುವುದಿಲ್ಲ. ಅರ್ಧ ಇಂಚು, ಹೆಚ್ಚೆಂದರೆ ಮುಕ್ಕಾಲು ಇಂಚು.

ಆ ಮುಕ್ಕಾಲು ಇಂಚನ್ನು ಮಡಿಚಿ ಹೊಲಿಯುವುದೇ ಒಬ್ಬ ಹೆಂಗಸಿನ ಕೆಲಸ. ಒಂಬತ್ತು ವರ್ಷಗಳಿಂದ ಆಕೆಯದು ಅದೊಂದೇ ಕೆಲಸ.

ಬೆಳಗಿನ ಹೊತ್ತು ಮಂಡ್ಯ ಮದ್ದೂರುಗಳ ನಡುವೆ ಓಡಾಡುವವರು ಆ ವ್ಯಾನುಗಳನ್ನು ನೋಡಿರುತ್ತಾರೆ. ಗೆಜ್ಜಲಗೆರೆ, ಸೋಮನಹಳ್ಳಿಯ ಕೈಗಾರಿಕಾ ಪ್ರದೇಶಗಳ ಕಡೆಗೆ ಹೆಂಗಸರನ್ನು ತುಂಬಿಕೊಂಡು ಓಡುವ ಗಾರ್ಮೆಂಟ್ಸ್ ವ್ಯಾನುಗಳು. ತಲೆಗೆ ಹೂವು, ಮಡಿಲಲ್ಲಿ ಊಟದ ಡಬ್ಬಿ, ಅರ್ಧ ಕಣ್ಣಿನಲ್ಲಿ ಇನ್ನೂ ನಿದ್ದೆ. ಮಂಡ್ಯದ ಒಂದು ಬಡಾವಣೆಯಿಂದ ಆಕೆಯೂ ಅಂಥದೊಂದು ವ್ಯಾನು ಹತ್ತುತ್ತಾಳೆ. ಗಂಡ ಆಟೋ ಓಡಿಸುತ್ತಾನೆ. ಮಗಳು ಒಂಬತ್ತನೇ ತರಗತಿ. ಮಗನಿಗೆ ನಾಲ್ಕು ವರ್ಷ, ಅವನು ಮಳವಳ್ಳಿಯಲ್ಲಿ ಅಜ್ಜಿಯ ಮನೆಯಲ್ಲಿದ್ದಾನೆ.

ಗಾರ್ಮೆಂಟ್ಸಿನಲ್ಲಿ ದುಡಿಯುವವರಿಗೆ ಬಟ್ಟೆ ಹೊಲಿಯಲು ಬರುತ್ತದೆ ಎಂದು ಹೊರಗಿನವರು ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಅಲ್ಲಿ ಯಾರೂ ಬಟ್ಟೆ ಹೊಲಿಯುವುದಿಲ್ಲ, ಬಟ್ಟೆಯ ಒಂದು ಭಾಗವನ್ನು ಹೊಲಿಯುತ್ತಾರೆ. ಉದ್ದನೆಯ ಲೈನಿನಲ್ಲಿ ಒಬ್ಬಳು ಒಳಗಾಲನ್ನು ಕೂಡಿಸಿದರೆ, ಇನ್ನೊಬ್ಬಳು ಎಲಾಸ್ಟಿಕ್ ಕೂರಿಸುತ್ತಾಳೆ, ಮತ್ತೊಬ್ಬಳು ಲೇಬಲ್ ಹಚ್ಚುತ್ತಾಳೆ. ಆಕೆಯದು ಕಾಲಿನ ಕೊನೆಯ ಅಂಚು. ಬಟ್ಟೆಯನ್ನು ತಾನೇ ಮಡಿಚಿಕೊಡುವ ಒಂದು ಪಟ್ಟಿ ಮಿಷನ್ನಿಗೆ ಜೋಡಿಸಿರುತ್ತದೆ. ಮೋಟಾರು ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆಯ ವೇಗದಲ್ಲಿ ಓಡುತ್ತದೆ. ಗಂಟೆಗೆ 80 ಪೀಸು ಟಾರ್ಗೆಟ್ಟು, ಪೀಸಿಗೆ ಎರಡು ಕಾಲು. ದಿನಕ್ಕೆ ಸಾವಿರದ ಇನ್ನೂರಕ್ಕೂ ಹೆಚ್ಚು ಕಾಲುಗಳು ಆಕೆಯ ಕೈಯಡಿ ಹರಿದುಹೋಗುತ್ತವೆ. ಎಲ್ಲವೂ ಕಡಲಾಚೆಯ ಮಕ್ಕಳ ಕಾಲುಗಳು.

ಕಳೆದ ವರ್ಷ ಬಂದ ಆರ್ಡರಿನಲ್ಲಿ ಮಕ್ಕಳ ಪೈಜಾಮಗಳಿದ್ದವು. ಮೈಗೆ ಅಂಟಿದಂತೆ ಬಿಗಿಯಾಗಿದ್ದ ಅವುಗಳ ಮೇಲೆ ಒಂದು ಇಂಗ್ಲಿಷ್ ಲೇಬಲ್. ಅದರಲ್ಲಿ ಏನಿದೆಯೆಂದು ತಿಳಿಯುವ ಕುತೂಹಲಕ್ಕೆ ಆಕೆ ಆ ಪದಗಳನ್ನು ಅಂಗೈಯ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಬಂದು ಮಗಳಿಗೆ ತೋರಿಸಿದಳು. “ಬೆಂಕಿಯಿಂದ ದೂರ ಇಡಿ ಅಂತ ಐತೆ ಕಣಮ್ಮ” ಎಂದಳು ಮಗಳು. ಮಲಗುವ ಬಟ್ಟೆಗೂ ಬೆಂಕಿಗೂ ಏನು ಸಂಬಂಧ? ಮಗಳು ಶಾಲೆಯಲ್ಲಿ ಕೇಳಿ, ಮೊಬೈಲಿನಲ್ಲಿ ಹುಡುಕಿ ಉತ್ತರ ತಂದಳು. ಸಡಿಲವಾದ ಬಟ್ಟೆಯ ಒಳಗೆ ಗಾಳಿ ಆಡುತ್ತದೆ, ಒಲೆಗೋ ದೀಪಕ್ಕೋ ತಾಗಿದರೆ ಬೇಗ ಹೊತ್ತಿಕೊಳ್ಳುತ್ತದೆ. ಅಮೆರಿಕದಲ್ಲಿ 1970ರ ದಶಕದಿಂದ ಮಕ್ಕಳ ರಾತ್ರಿಯುಡುಪಿಗೆ ಬೆಂಕಿಯ ಪರೀಕ್ಷೆ ಇದೆ. 1996ರಲ್ಲಿ ಆ ನಿಯಮ ತಿದ್ದಿ, ಮೈಗೆ ಬಿಗಿಯಾಗಿರುವ ಬಟ್ಟೆಗೆ ವಿನಾಯಿತಿ ಕೊಟ್ಟರು. ಬಿಗಿ ಹೊಲಿಗೆಯ ಗುಟ್ಟು ಇದು. ಒಂಬತ್ತು ವರ್ಷ ಹೊಲಿದ ಮೇಲೆ ಆಕೆಗೆ ತಾನು ಹೊಲಿಯುವ ಬಟ್ಟೆಯ ಬಗ್ಗೆ ಮೊದಲ ಸಲ ಒಂದು ವಿಷಯ ತಿಳಿದಿತ್ತು. ಅದೂ ಮಗಳ ಬಾಯಿಂದ.

ಆ ದಿನವೇ ಮಗಳು ಕೇಳಿದಳು: “ನಮ್ ಪುಟ್ಟಂಗೆ ಪೈಜಾಮ ಐತಾಮ್ಮ?”

ಇರಲಿಲ್ಲ. ಪುಟ್ಟ ರಾತ್ರಿ ಚಡ್ಡಿಯಲ್ಲೇ ಮಲಗುತ್ತಿದ್ದ. ಕಾಲುವೆ ನೀರಿನ ಸೀಮೆಯಲ್ಲಿ ಭತ್ತದ ಗದ್ದೆಗೆ ನೀರು ನಿಂತಿತೆಂದರೆ ಸೊಳ್ಳೆಗೆ ಸುಗ್ಗಿ. ಮೆದುಳು ಜ್ವರ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನೀರಿನಲ್ಲೇ ಎಂದು ಆರೋಗ್ಯ ಇಲಾಖೆಯವರು ಹೇಳುತ್ತಲೇ ಬಂದಿದ್ದಾರೆ. ಸೊಳ್ಳೆ ಪರದೆ ಕಟ್ಟಿದರೆ ಪುಟ್ಟ ಅರ್ಧ ರಾತ್ರಿಯಲ್ಲಿ ಕಾಲು ಹೊರಗೆ ಚಾಚುತ್ತಿದ್ದ. ಬೆಳಿಗ್ಗೆ ಎದ್ದರೆ ಮೊಣಕಾಲಿನ ಕೆಳಗೆಲ್ಲ ದದ್ದು. ಅಜ್ಜಿ ಕೊಬ್ಬರಿ ಎಣ್ಣೆ ಸವರುತ್ತಿದ್ದಳು.

ಅವನು ಅಜ್ಜಿಯ ಮನೆಗೆ ಹೋದ ಕಥೆಯೂ ಸರಳವಾದದ್ದೇ. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಆ ಕೋಣೆ ಇತ್ತು ಕೂಡ. ಆದರೆ ಮಗುವನ್ನು ಆರು ಗಂಟೆಗೆ ಎಬ್ಬಿಸಿ, ನಿಲ್ಲಲು ಜಾಗವಿಲ್ಲದ ವ್ಯಾನಿನಲ್ಲಿ ಕರೆದೊಯ್ದು, ಸಂಜೆ ಅದೇ ವ್ಯಾನಿನಲ್ಲಿ ತರುವಷ್ಟರಲ್ಲಿ ಅದಕ್ಕೆ ಜ್ವರ ಬರುತ್ತಿತ್ತು. ಮೂರನೆಯ ಸಲ ಜ್ವರ ಬಂದಾಗ ಅಜ್ಜಿ ಬಂದವಳು, “ಒಂದೊರ್ಸ ನನ್ ತಾವ್ ಇರ್ಲಿ ಬುಡು” ಎಂದು ಎತ್ತಿಕೊಂಡು ಹೋದಳು. ಒಂದು ವರ್ಷ ಎಂದದ್ದು ಒಂದೂವರೆಯಾಗಿತ್ತು.

ಫೋನಿನಲ್ಲಿ ಪೈಜಾಮದ ಸುದ್ದಿ ತಿಳಿದ ಪುಟ್ಟ ಒಂದೇ ಷರತ್ತು ಹಾಕಿದ: “ಬಸ್ಸಿಂದು ಬೇಕು.” ಅವನ ಲೆಕ್ಕದಲ್ಲಿ ಅಮ್ಮ ಬರುವುದು ಬಸ್ಸಿನಲ್ಲಿ, ಹೋಗುವುದೂ ಬಸ್ಸಿನಲ್ಲಿ. ಲೋಕದಲ್ಲಿ ಅದಕ್ಕಿಂತ ಮುಖ್ಯವಾದ ವಸ್ತು ಇನ್ನೊಂದಿರಲಿಲ್ಲ.

ಅಂಗಡಿಯಲ್ಲಿ ಕೊಂಡಿದ್ದರೆ ಐದು ನಿಮಿಷದ ಕೆಲಸ. ಆದರೆ ದಿನವಿಡೀ ಯಾರದೋ ಮಕ್ಕಳ ಪೈಜಾಮ ಹೊಲಿದು ಬಂದು, ತನ್ನ ಮಗನದಕ್ಕೆ ದುಡ್ಡು ಕೊಡುವುದು ಆಕೆಗೆ ಏಕೋ ಒಗ್ಗಲಿಲ್ಲ. ದಸರೆಯ ಹಿಂದಿನ ಭಾನುವಾರ ತಾಯಿ ಮಗಳು ಮಂಡ್ಯದ ಪೇಟೆ ಬೀದಿಗೆ ಹೋಗಿ, ನೀಲಿ ನೆಲದ ಮೇಲೆ ಕೆಂಪು ಬಸ್ಸು ಅಚ್ಚಾಗಿದ್ದ ಕಾಟನ್ ಬಟ್ಟೆ ಒಂದು ಮೀಟರ್ ತಂದರು. ಜೊತೆಗೆ ಅರ್ಧ ಮೀಟರು ಎಲಾಸ್ಟಿಕ್, ಒಂದು ಉಂಡೆ ನೀಲಿ ದಾರ.

ಪೈಜಾಮ ಎಂಬುದು ಪಾರ್ಸಿಯಿಂದ ಬಂದ ಮಾತು. ಪಾಯ್ ಎಂದರೆ ಕಾಲು, ಜಾಮಾ ಎಂದರೆ ಉಡುಪು. ಹಿಂದೂಸ್ತಾನದಲ್ಲಿ ಜನ ಹಗಲೂ ಉಡುತ್ತಿದ್ದ ಈ ಬಟ್ಟೆಯನ್ನು ಇಂಗ್ಲಿಷರು ತಮ್ಮ ದೇಶಕ್ಕೆ ಒಯ್ದು ಮಲಗುವ ಬಟ್ಟೆ ಮಾಡಿಕೊಂಡರು. ಮಾತೂ ಅವರ ಭಾಷೆಗೆ ಸೇರಿತು. ಈಗ ಅದೇ ಬಟ್ಟೆಯನ್ನು ಮದ್ದೂರಿನಲ್ಲಿ ಹೊಲಿದು ಹಡಗಿನಲ್ಲಿ ಕಳಿಸುತ್ತೇವೆ. ಇದನ್ನು ಮಗಳು ಹೇಳಿದಾಗ ಆಕೆ ನಕ್ಕಳು: “ಹಂಗಾದ್ರೆ ಅದು ನಮ್ದೇಯಾ?”

ಪಕ್ಕದ ಮನೆಯವರ ಹೊಲಿಗೆ ಮಿಷನ್ನು ಒಂದು ಸಂಜೆಗೆ ಸಿಕ್ಕಿತು. ಬಟ್ಟೆ ಹಾಸಿ, ಸೀಮೆಸುಣ್ಣ ಹಿಡಿದು ಕುಳಿತಾಗ ಆಕೆಗೆ ಕೈಕಾಲು ಆಡಲಿಲ್ಲ. ಲಕ್ಷಗಟ್ಟಲೆ ಕಾಲಂಚು ಹೊಲಿದ ಕೈಗೆ ಪೈಜಾಮ ಎಲ್ಲಿಂದ ಶುರುವಾಗುತ್ತದೆ ಎಂಬುದೇ ಗೊತ್ತಿರಲಿಲ್ಲ. ಆಕೆಯ ಬಳಿಗೆ ಬರುವ ಹೊತ್ತಿಗೆ ಅದು ಯಾವಾಗಲೂ ಮುಗಿಯುತ್ತ ಬಂದಿರುತ್ತಿತ್ತು.

ಅವರಿಬ್ಬರೂ ಕಂಡುಕೊಂಡ ಕ್ರಮ ಹೀಗೆ. ಮಗುವಿಗೆ ಸರಿಯಾಗುವ ಹಳೆಯ ಚಡ್ಡಿಯನ್ನು ಉದ್ದಕ್ಕೆ ಮಡಿಚಿ ಬಟ್ಟೆಯ ಮೇಲಿಟ್ಟು, ಸುತ್ತ ಒಂದು ಇಂಚು ಬಿಟ್ಟು ಗೆರೆ ಎಳೆಯಬೇಕು. ಕಾಲನ್ನು ಬೇಕಾದಷ್ಟು ಉದ್ದಕ್ಕೆ ಇಳಿಸಬೇಕು. ಒಂದು ಕಾಲಿಗೆ ಒಂದೇ ತುಂಡು ಸಾಕು, ಪಕ್ಕದಲ್ಲಿ ಹೊಲಿಗೆ ಬೇಕಿಲ್ಲ. ಹಿಂಭಾಗ ಮುಂಭಾಗಕ್ಕಿಂತ ಒಂದು ಇಂಚು ಎತ್ತರವಿರಬೇಕು, ಇಲ್ಲದಿದ್ದರೆ ಮಗು ಕುಕ್ಕರಗಾಲಿನಲ್ಲಿ ಕೂತರೆ ಸೊಂಟ ಜಾರುತ್ತದೆ. ಮೊದಲು ಎರಡು ಕಾಲುಗಳ ಒಳಹೊಲಿಗೆ ಬೇರೆಬೇರೆಯಾಗಿ ಹಾಕಬೇಕು. ಆಮೇಲೆ ಒಂದು ಕಾಲನ್ನು ಬಲಮಗ್ಗುಲಿಗೆ ತಿರುಗಿಸಿ ಇನ್ನೊಂದರೊಳಗೆ ತೂರಿಸಿ, ನಡುವಿನ ಬಾಗನ್ನು ಒಂದೇ ಓಟದಲ್ಲಿ ಎರಡು ಸಲ ಹೊಲಿಯಬೇಕು. ಮಕ್ಕಳ ಬಟ್ಟೆ ಮೊದಲು ಹರಿಯುವುದು ಅಲ್ಲೇ. ಎಲಾಸ್ಟಿಕ್ ಸೊಂಟದ ಅಳತೆಗಿಂತ ಒಂದೆರಡು ಇಂಚು ಮಾತ್ರ ಕಡಿಮೆ ಇರಲಿ. ಹೆಚ್ಚು ಬಿಗಿಯಾದರೆ ಹೊಟ್ಟೆಯ ಮೇಲೆ ಗೆರೆ ಬೀಳುತ್ತದೆ. ಅದನ್ನು ಸೇಫ್ಟಿ ಪಿನ್ನಿಗೆ ಸಿಕ್ಕಿಸಿ ಮಡಿಕೆಯೊಳಗೆ ತೂರಿಸಿದರೆ ಮುಗಿಯಿತು. ಲಾಡಿ ಬೇಡ. ಚಿಕ್ಕ ಮಕ್ಕಳಿಗೆ ಬಿಚ್ಚಲೂ ಬಾರದು, ಎಲ್ಲಾದರೂ ಸಿಕ್ಕಿಕೊಂಡರೂ ಕಷ್ಟ.

ಲೆಕ್ಕ, ಬಾಗು, ಅಳತೆ ಎಲ್ಲ ಮಗಳದು. ಶಾಲೆಯ ರೇಖಾಗಣಿತ ಮನೆಯ ನೆಲದ ಮೇಲೆ ಉಪಯೋಗಕ್ಕೆ ಬಂದದ್ದು ಅವಳಿಗೂ ಸೋಜಿಗವೇ. ಒಂದು ಕಾಲದಲ್ಲಿ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆ ಒಂದು ಪಾಠವಾಗಿತ್ತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಶಿಕ್ಷಣದ ಯೋಜನೆಯಲ್ಲಿ ಕೈಕಸುಬೇ ಪಾಠದ ನಡುಗಂಬ. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕೆಲಸ ಎಂಬ ವಿಷಯವನ್ನು ಶಾಲೆಗೆ ಸೇರಿಸಬೇಕೆಂದಿತು. ಗುಂಡಿ ಹಚ್ಚುವುದನ್ನಾದರೂ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳೂ ಶಾಲೆಯಲ್ಲೇ ಕಲಿತರೆ ನಷ್ಟವೇನಿಲ್ಲ. ಅಂಕ ಬರುವುದಿಲ್ಲ ಎಂಬುದೊಂದು ಬಿಟ್ಟರೆ.

ತಪ್ಪುಗಳೂ ಆದವು. ಬಟ್ಟೆಯನ್ನು ಅಡ್ಡಕ್ಕೆ ಮಡಿಚಿ ಎರಡು ಕಾಲನ್ನೂ ಒಟ್ಟಿಗೆ ಕತ್ತರಿಸಿದ್ದರಿಂದ ಒಂದು ಕಾಲಿನಲ್ಲಿ ಬಸ್ಸುಗಳು ನೆಟ್ಟಗಿದ್ದವು, ಇನ್ನೊಂದರಲ್ಲಿ ಚಕ್ರ ಮೇಲಾಗಿದ್ದವು. ನೋಡಿದ್ದು ಹೊಲಿದ ಮೇಲೆ. ಕೊನೆಗೆ ಕಾಲಂಚು ಬಂದಾಗ ಮಾತ್ರ ಆಕೆಯ ಕೈ ತಾನಾಗಿ ಓಡಿತು. ಗುರುತಿಲ್ಲ, ಪಿನ್ನಿಲ್ಲ. ಮುಕ್ಕಾಲು ಇಂಚು ಮಡಿಚಿ ಎರಡು ಸುತ್ತು, ಎರಡು ಕಾಲು. ಗೆರೆ ಎಳೆದಂಥ ಹೊಲಿಗೆ. “ಅಮ್ಮ, ಸ್ಕೇಲಿಟ್ಟಂಗೆ ಐತೆ” ಎಂದು ಮಗಳು ಬೆರಳಾಡಿಸಿ ನೋಡಿದಳು. ಗಂಜಿಯ ವಾಸನೆ ಹೋಗಲೆಂದು ಆ ರಾತ್ರಿಯೇ ಒಗೆದು ಹರವಿದರು.

ಶನಿವಾರ ಶಿಫ್ಟು ಮುಗಿಸಿದ ಆಕೆ ಮದ್ದೂರಿನ ಬಸ್ ನಿಲ್ದಾಣಕ್ಕೆ ಬಂದಾಗ ಮಗಳು ಮಂಡ್ಯದಿಂದ ಬಂದು ಕಾಯುತ್ತಿದ್ದಳು. ಅಜ್ಜಿಗೆಂದು ವಡೆ ಕಟ್ಟಿಸಿಕೊಂಡರು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ಆಕೆ ಮಳವಳ್ಳಿಗೆ ಹೋಗುವುದು ತುಸು ಹೆಚ್ಚಾಗಿತ್ತು. ಆದರೂ ಓವರ್‌ಟೈಮು, ಮಗಳ ಪರೀಕ್ಷೆ, ಮನೆಗೆ ಬಂದ ನೆಂಟರು ಎಂದು ತಿಂಗಳಿಗೊಂದು ಸಲ ಆದರೆ ಹೆಚ್ಚು. ಮದ್ದೂರೆಂದರೆ 1938ರ ಏಪ್ರಿಲ್‌ನಲ್ಲಿ ನಿಷೇಧ ಮೀರಿ ಧ್ವಜ ಹಾರಿಸಿದ ಶಿವಪುರದ ನೆಲ. ಒಂದು ತುಂಡು ಬಟ್ಟೆಗೆ ಊರಿಗೆ ಊರೇ ಎದ್ದು ನಿಂತ ಕಥೆಯನ್ನು ಮಗಳು ಪಾಠದಲ್ಲಿ ಓದಿದ್ದಳು. ತಾಯಿಯ ಮಡಿಲಲ್ಲಿದ್ದದ್ದು ಇನ್ನೂ ಚಿಕ್ಕ ತುಂಡು. ಭಾರತೀನಗರ ದಾಟುವವರೆಗೆ ಆಕೆ ಅದನ್ನು ಎರಡು ಸಲ ಬಿಚ್ಚಿ ನೋಡಿ ಮತ್ತೆ ಮಡಿಚಿದ್ದಳು.

ಪುಟ್ಟ ಬಾಗಿಲಲ್ಲೇ ನಿಂತಿದ್ದ. ಅಮ್ಮನನ್ನು ಒಂದು ಗಳಿಗೆ ತಬ್ಬಿದ, ಅಮ್ಮನ ಕೈಚೀಲವನ್ನು ಹೆಚ್ಚು ಹೊತ್ತು ತಬ್ಬಿದ. ಪೈಜಾಮ ಹಾಕಿದ್ದಾಯಿತು. ತಲೆಕೆಳಗಾದ ಬಸ್ಸಿನ ಬಗ್ಗೆ ತಾಯಿಗಿದ್ದ ಅಳುಕು ಸುಳ್ಳಾಯಿತು. ಅವನು ಕಾಲು ಚಾಚಿ ಕುಳಿತು, ಒಂದು ಕಾಲನ್ನು ತೋರಿಸಿ “ಇದು ಮಂಡ್ಯಕ್ಕೆ ಹೋಯ್ತದೆ”, ಇನ್ನೊಂದನ್ನು ತೋರಿಸಿ “ಇದು ಮಳೊಳ್ಳಿಗೆ ಬತ್ತದೆ” ಎಂದ. ತಪ್ಪಿಗೆ ಇದಕ್ಕಿಂತ ಒಳ್ಳೆಯ ಸಮಜಾಯಿಷಿ ಯಾರೂ ಕೊಡಲಾರರು.

ಆಮೇಲೆ ಅವನು ಎದ್ದು ನಿಂತ.

ಪೈಜಾಮ ಹರಡಿನ ಮೇಲೆ ನಾಲ್ಕು ಬೆರಳಿನಷ್ಟು ಎತ್ತರದಲ್ಲಿ ನಿಂತುಬಿಟ್ಟಿತು. ಅಜ್ಜಿ ನಕ್ಕುಬಿಟ್ಟಳು. “ಇದೇನಮ್ಮಿ, ಹಳ್ಳ ದಾಟಕ್ಕೆ ಹೊಂಟವ್ನಂಗೆ ಅವ್ನಲ್ಲ!” ಮಗಳೂ ನಕ್ಕಳು. ಪುಟ್ಟನೂ ನಕ್ಕ, ಯಾಕೆಂದು ತಿಳಿಯದಿದ್ದರೂ. ಆಕೆ ನಗಲಿಲ್ಲ.

“ಅಳ್ತೆ ತಗಂಡಿದ್ನಲ್ಲವ್ವ. ಸಂಕ್ರಾಂತಿಗೆ ಬಂದಾಗ ಟೇಪಿಟ್ಟು ತಗಂಡಿದ್ದೆ.”

ಅಜ್ಜಿ ಉತ್ತರ ಕೊಡಲಿಲ್ಲ. ನಡುಮನೆಯ ಕಂಬದ ಹತ್ತಿರ ಹೋಗಿ ಲೈಟು ಹಾಕಿದಳು. ಕಂಬದ ಮೇಲೆ ಇದ್ದಿಲಿನಲ್ಲಿ ಎಳೆದ ಗೆರೆಗಳಿದ್ದವು. ಕೆಳಗಿನದು ಸಂಕ್ರಾಂತಿಯದು. ಅದರ ಮೇಲೆ ಯುಗಾದಿ. ಅದರ ಮೇಲೆ ಗೌರಿ ಹಬ್ಬ. ಪುಟ್ಟನನ್ನು ನಿಲ್ಲಿಸಿ ನೋಡಿದರೆ ಅವನ ತಲೆ ಗೌರಿ ಹಬ್ಬವನ್ನೂ ದಾಟಿತ್ತು. ಸಂಕ್ರಾಂತಿಗೂ ಈಗಕ್ಕೂ ಎರಡು ಬೆರಳಿನಷ್ಟು ಅಂತರ.

ಅದೇನು ವಿಶೇಷವಲ್ಲ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಉಳಿದ ಗಿಡ್ಡತನ ಬಟ್ಟೆಯದು. ಹೊಸ ಕಾಟನ್ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆ ಕತ್ತರಿ ಹಾಕಬೇಕು. ಇವರು ಹೊಲಿದ ಮೇಲೆ ಒಗೆದರು, ಅದು ಕುಗ್ಗಿತು. ಮಗು ಮೇಲಕ್ಕೆ ಹೋಯಿತು, ಬಟ್ಟೆಯೂ ಮೇಲಕ್ಕೆ ಹೋಯಿತು. ಲೆಕ್ಕ ಇಷ್ಟೇ. ಆದರೆ ಕಂಬದ ಮುಂದೆ ನಿಂತ ತಾಯಿಗೆ ಅದು ಲೆಕ್ಕವಾಗಿ ಕಾಣಲಿಲ್ಲ. ಅವಳ ಕಣ್ಣಿನಲ್ಲಿ ಕೂತಿದ್ದ ಮಗ ಆ ಕೆಳಗಿನ ಗೆರೆಯಲ್ಲೇ ನಿಂತಿದ್ದ. ಮೇಲಿನ ಎರಡು ಗೆರೆ ಎಳೆಯುವಾಗ ಅವಳು ಎಲ್ಲೋ ಬೇರೆ ಮಕ್ಕಳ ಕಾಲಂಚು ಮಡಿಚುತ್ತಿದ್ದಳು.

“ಬಿಚ್ಚಿ ಇಳ್ಸಾಣ ಅಂದ್ರೆ ಒಳ್ಗೇನು ಮಡಗೇ ಇಲ್ವಲ್ಲೇ” ಎಂದಳು ಅಜ್ಜಿ, ಅಂಚನ್ನು ಬೆರಳಲ್ಲಿ ಹಿಡಿದು. ಆಮೇಲೆ ಕಣ್ಣಿನ ಹತ್ತಿರ ತಂದುಕೊಂಡು ನೋಡಿದಳು. “ಹೊಲ್ಗೆ ಮಾತ್ರ ಏನ್ ಚೆಂದಾಗ್ ಹಾಕಿದ್ದೀಯ! ನಂಗೆ ಯಾವತ್ತೂ ಹಿಂಗೆ ಬಂದಿಲ್ಲ ಕಣಮ್ಮಿ.”

ಅಜ್ಜಿಯ ಬಾಯಿಂದ ಇಂಥ ಮಾತು ಬರುವುದು ಅಪರೂಪ. ಅವಳೂ ಹೊಲಿಗೆಯವಳೇ. ಗಂಡ ಬೆಲ್ಲ ಮಾರಿದ ವರ್ಷ ಸೆಕೆಂಡ್ ಹ್ಯಾಂಡಿನಲ್ಲಿ ತಂದುಕೊಟ್ಟ ಕಾಲುಮಿಷನ್ನಿನಲ್ಲಿ ಬೀದಿಯ ಅರ್ಧ ಮಕ್ಕಳ ಚಡ್ಡಿ, ಲಂಗ, ಕುಲಾವಿ ಹೊಲಿದವಳು. ಮಿಷನ್ನಿನ ಮೈಮೇಲಿನ ಚಿನ್ನದ ಅಕ್ಷರಗಳು ಸವೆದುಹೋಗಿ ಬರೀ ಕಪ್ಪು ಉಳಿದಿತ್ತು. ಕಲ್ಕತ್ತೆಯಲ್ಲಿ 1930ರ ದಶಕದಲ್ಲಿ ಉಷಾ ಮಿಷನ್ನುಗಳು ಶುರುವಾದ ಮೇಲೆ ನಮ್ಮ ದೇಶದ ಎಷ್ಟೋ ಮನೆಗಳಲ್ಲಿ ಇಂಥದೊಂದು ಕಪ್ಪು ಮಿಷನ್ನು ಕಿಟಕಿಯ ಪಕ್ಕ ಬಂದು ಕುಳಿತಿತು. ಮದುವೆಯ ಬಳುವಳಿಯಾಗಿ ಬಂದಿತು, ಗಂಡ ಸತ್ತ ಮನೆಗಳನ್ನು ನಡೆಸಿತು.

ಯಂತ್ರಗಳ ಬಗ್ಗೆ ಅಷ್ಟೊಂದು ಅನುಮಾನವಿದ್ದ ಗಾಂಧೀಜಿ ಕೂಡ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಕೈಹೊಲಿಗೆಯಲ್ಲಿ ಬೇಯುತ್ತಿದ್ದ ಹೆಂಡತಿಯ ಮೇಲಿನ ಪ್ರೀತಿಯಿಂದ ಸಿಂಗರ್ ಇದನ್ನು ಮಾಡಿದ ಎಂಬುದು ಅವರು ನಂಬಿದ್ದ ಕಥೆ. ಸಿಂಗರ್ ಪೇಟೆಂಟ್ ಪಡೆದದ್ದು 1851ರಲ್ಲಿ, ಅವನಿಗಿಂತ ಮುಂಚೆ 1846ರಲ್ಲಿ ಇಲಿಯಾಸ್ ಹೋವ್ ಎಂಬಾತ ಪಡೆದಿದ್ದ. ಕಥೆ ಹೇಗೇ ಇರಲಿ, ಗಾಂಧೀಜಿಯ ಲೆಕ್ಕ ಬೇರೆಯಿತ್ತು: ಯಂತ್ರ ಮನುಷ್ಯನ ಕೈಯನ್ನು ಕುಂದಿಸಬಾರದು. ಒಂದೇ ಯಂತ್ರ. ಮನೆಯ ಕಿಟಕಿಯ ಬಳಿ ಒಂಟಿಯಾಗಿ ಕುಳಿತಾಗ ಒಬ್ಬಳಿಗೆ ಇಡೀ ಬಟ್ಟೆಯನ್ನು ಕಲಿಸುತ್ತದೆ. ಸಾಲಾಗಿ ನಿಂತಾಗ ಅಂಚನ್ನಷ್ಟೇ ಕಲಿಸುತ್ತದೆ. ಹಾಗೆಂದು ಆ ಸಾಲನ್ನು ಬೈಯುವಂತೆಯೂ ಇಲ್ಲ. ಮಗಳ ಶಾಲೆಯ ಫೀಜು ಆ ಮುಕ್ಕಾಲು ಇಂಚಿನಿಂದಲೇ ಬಂದದ್ದು.

ಅಜ್ಜಿ ಟ್ರಂಕು ತೆಗೆದು ಒಂದು ಹಳೆಯ ಕಾಟನ್ ಸೀರೆ ತಂದಳು. ಎಲೆಹಸಿರು, ಒಗೆದೂ ಒಗೆದೂ ಹಾಲಿನ ಕೆನೆಯಂತಾಗಿದ್ದ ಬಟ್ಟೆ. ಹುಟ್ಟಿದ ಮಗುವನ್ನು ಹೊಸ ಬಟ್ಟೆಯಲ್ಲಿ ಸುತ್ತದೆ ಹಳೆಯ ಸೀರೆಯಲ್ಲಿ ಸುತ್ತುವುದು ಇಂಥ ಮೆದುವಿಗೇ. ಸೀರೆಯನ್ನು ದೀಪಕ್ಕೆ ಹಿಡಿದು, ಸವೆದ ಕಡೆಗಳನ್ನು ಬಿಟ್ಟು, ಸೆರಗಿನ ಪಕ್ಕದ ಗಟ್ಟಿ ಭಾಗದಿಂದ ಎರಡು ಪಟ್ಟಿ ಕತ್ತರಿಸಲು ಹೇಳಿದಳು. ಏಳು ಇಂಚು ಅಗಲ. “ಏಳು ಯಾಕಜ್ಜಿ? ಮೂರು ಸಾಕಲ್ವಾ?” ಮೊಮ್ಮಗಳು ಲೆಕ್ಕ ಹಾಕಿ ಕೇಳಿದಳು. “ಈಗಿಗೆ ಮೂರು. ಇವ್ನು ಇಲ್ಲಿಗೇ ನಿಂತಾನಾ?”

ಪಟ್ಟಿಯನ್ನು ಪೈಜಾಮಕ್ಕೆ ಕೂಡಿಸುವ ಹೊತ್ತಿಗೆ ಕರೆಂಟು ಹೋಯಿತು. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ತಾಲೂಕಿನ ಮನೆಯಲ್ಲಿ ಮೇಣದಬತ್ತಿ ಹಚ್ಚಿದರು. ಕಾರ್ಖಾನೆಯಲ್ಲಾದರೆ ಮೋಟಾರು ನಿಂತು ಎಲ್ಲರ ಕೈಯೂ ನಿಲ್ಲುತ್ತಿತ್ತು. ಕಾಲುಮಿಷನ್ನಿಗೆ ಆ ಹಂಗಿಲ್ಲ. ಅಜ್ಜಿ ಬತ್ತಿಯನ್ನು ದೂರದ ಗೂಡಿನಲ್ಲಿಟ್ಟಳು, ಮಗಳು ಬೆಂಕಿ ಲೇಬಲ್ಲಿನ ಕಥೆ ಹೇಳಿದಳು. “ಅಷ್ಟ್ ದೂರ್‌ದೋರು ಹೇಳ್ಬೇಕಾ? ಒಲೆ ಮುಂದೆ ಸಡಿಲ ಬಟ್ಟೆ ಬ್ಯಾಡ ಅಂತ ನಮ್ಮವ್ವ ಹೇಳೋಳು” ಎಂದಳು ಅಜ್ಜಿ. ಆದರೂ ಪಟ್ಟಿಯನ್ನು ಕಾಲಿನ ಸುತ್ತಳತೆಗಿಂತ ತುಸು ಕಿರಿದು ಮಾಡಿ, ಕೆಳಗೆ ಜೋಲಾಡದಂತೆ ಕೂಡಿಸಲು ಹೇಳಿದಳು.

ತುಳಿಯುವವಳು ಮಗಳು, ಹೇಳುವವಳು ತಾಯಿ. ಏಳು ಇಂಚಿನಲ್ಲಿ ಮೂರು ಇಂಚು ಕಾಲಿಗೆ ಇಳಿಯಿತು. ಎರಡು ಹೊಲಿಗೆಗೆ ಕೂಡಿಸಲು, ಅಂಚು ಮಡಿಚಲು ಹೋಯಿತು. ಉಳಿದ ಎರಡು ಇಂಚನ್ನು ಅಜ್ಜಿ ಒಳಗೆ ಎರಡು ಮಡಿಕೆಯಾಗಿ ಇಡಿಸಿದಳು, ಒಂದೊಂದು ಮಡಿಕೆಯಲ್ಲಿ ಒಂದು ಇಂಚು. ಆಕೆ ಅಭ್ಯಾಸಬಲದಿಂದ ಮಿಷನ್ನು ಓಡಿಸಲು ಹೋದಾಗ ಅಜ್ಜಿ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

“ಇಲ್ಲಿ ಮಿಷನ್ನು ಬ್ಯಾಡ. ಕೈಲಿ ಹಾಕು. ದೊಡ್ಡದೊಡ್ಡ ಹೊಲ್ಗೆ.”

“ಕಿತ್ತೋಯ್ತದಲ್ಲವ್ವ.”

“ಕೀಳಕ್ಕೇ ಹಾಕೋದು ಕಣವ್ವ ಅದ. ಗಟ್ಟಿ ಹೊಲದ್ರೆ ಬಿಚ್ಚುವಾಗ ಬಟ್ಟೆ ಹರೀತದೆ.”

ಬಿಚ್ಚುವುದಕ್ಕೆಂದೇ ಹಾಕುವ ಹೊಲಿಗೆ! ಒಂಬತ್ತು ವರ್ಷ ಅಂಚು ಹೊಲಿದವಳಿಗೆ 'ಒಂದು ಹೊಲಿಗೆಯೂ ಬಿಚ್ಚಬಾರದು' ಎಂಬುದೊಂದೇ ಪಾಠವಾಗಿತ್ತು. ಬಿಚ್ಚಿದರೆ ಪೀಸು ವಾಪಸ್ಸು, ಸೂಪರ್‌ವೈಸರ್ ಮಾತು ಬೇರೆ. ಅಲ್ಲಿಯ ಅಂಚು ಒಂದು ಅಳತೆಗೆ ಹೊಲಿದದ್ದು. ಅಳತೆ ಬೆಳೆಯುವುದಿಲ್ಲ, ಆದ್ದರಿಂದ ಒಳಗೆ ಏನನ್ನೂ ಇಡಬೇಕಾಗಿಲ್ಲ. ಇಲ್ಲಿಯದು ಒಬ್ಬ ಹುಡುಗನಿಗೆ ಹೊಲಿದದ್ದು. ಅವನು ಪಕ್ಕದಲ್ಲೇ, ಮೇಣದಬತ್ತಿಯ ಬೆಳಕಿನಲ್ಲಿ ಚಾಪೆಯ ಮೇಲೆ, ಪೈಜಾಮಕ್ಕಾಗಿ ಕಾಯುತ್ತ ಕಾಯುತ್ತ ಚಡ್ಡಿಯಲ್ಲೇ ನಿದ್ದೆಹೋಗಿದ್ದ. ಆಕೆ ಸೂಜಿಗೆ ದಾರ ಪೋಣಿಸಿಕೊಂಡಳು.

ಮುಗಿದಾಗ ಹನ್ನೊಂದು ದಾಟಿತ್ತು. ನಿದ್ದೆಯಲ್ಲಿದ್ದವನಿಗೇ ಕಾಲೊಂದೊಂದಾಗಿ ತೊಡಿಸಿದರು. ನೀಲಿ ಕಾಲು, ಕೆಂಪು ಬಸ್ಸು, ಕೆಳಗೆ ಹಸಿರು ಪಟ್ಟಿ. ಹರಡು ಮುಚ್ಚಿತು. ಅಂಗಡಿಯಲ್ಲಿಟ್ಟರೆ ಯಾರೂ ಕೊಳ್ಳುವಂಥ ಬಟ್ಟೆಯಲ್ಲ ಅದು. ಬೆಳಿಗ್ಗೆ ಪುಟ್ಟ ಎದ್ದವನೇ ಪಟ್ಟಿಯನ್ನು ನೋಡಿ, “ಬಸ್ಸಿಗೆ ಗದ್ದೆ ಬಂದದೆ!” ಎಂದ. ಆ ವಾರ ಅವನ ಕಾಲಿನ ಮೇಲೆ ಹೊಸ ದದ್ದುಗಳು ಕಡಿಮೆಯಾದವೆಂದು ಅಜ್ಜಿ ಫೋನಿನಲ್ಲಿ ಹೇಳಿದಳು.

ಭಾನುವಾರ ಸಂಜೆ ಹೊರಡುವ ಮುಂಚೆ ಆಕೆ ಪುಟ್ಟನನ್ನು ಕಂಬಕ್ಕೆ ನಿಲ್ಲಿಸಿ ತಾನೇ ಇದ್ದಿಲಿನಲ್ಲಿ ಗೆರೆ ಎಳೆದಳು. ಮಂಡ್ಯದ ಬಾಡಿಗೆ ಮನೆಯಲ್ಲಿ ಗೋಡೆಗೆ ಗೆರೆ ಎಳೆದರೆ ಮಾಲೀಕರು ಸುಮ್ಮನಿರುತ್ತಾರೋ ಇಲ್ಲವೋ ಎಂದು ಬಸ್ಸಿನಲ್ಲಿ ಮಗಳನ್ನು ಕೇಳಿದಳು. “ಬಾಗಿಲ ಹಿಂದೆ ಎಳೆಯಾಣ ಬುಡಮ್ಮ, ಕಾಣಕಿಲ್ಲ” ಎಂದಳು ಮಗಳು. ಆ ರಾತ್ರಿ ಗಂಡ ಹೆಂಡತಿ ಕೂತು ಮಾತಾಡಿದರು. ಜೂನ್‌ನಲ್ಲಿ ಶಾಲೆಗೆ ಸೇರಿಸುವ ಹೊತ್ತಿಗೆ ಪುಟ್ಟನನ್ನು ಮಂಡ್ಯಕ್ಕೆ ಕರೆತರುವುದು, ಬೆಳಿಗ್ಗೆ ಆಟೋದಲ್ಲಿ ಬಿಡುವುದು ಗಂಡನ ಪಾಲು, ಸಂಜೆ ನೋಡಿಕೊಳ್ಳುವುದು ಅಕ್ಕನ ಪಾಲು, ಅಜ್ಜಿ ಬರುವುದಾದರೆ ಅವಳೂ, ಅವಳ ಮಿಷನ್ನೂ.

ಮುಂದಿನ ಯುಗಾದಿಯ ಹೊತ್ತಿಗೆ ಅಜ್ಜಿಯ ಫೋನು ಬಂತು. ಆಕೆ ಊಟದ ಬಿಡುವಿನಲ್ಲಿದ್ದಳು.

“ಒಂದು ಮಡಿಕೆ ಬಿಚ್ಚಿವ್ನಿ ಕಣಮ್ಮಿ. ಸರಿಯಾಗ್ ಕುಂತದೆ. ಬಿಚ್ಚಿದ್ ಕಡೆ ಮಾತ್ರ ಬಟ್ಟೆ ಹೊಸ್ದಂಗೆ ಹಸ್ರುಗೈತೆ, ಒಂದು ಗೆರೆ ಕಾಣ್ತದೆ. ಏನ್ ಮಾಡದು?”

ಆಕೆ ಒಂದು ಗಳಿಗೆ ಸುಮ್ಮನಿದ್ದಳು. ಹಿಂದೆ ಬೆಲ್ಲು ಹೊಡೆಯಿತು.

“ಕಾಣ್ಲಿ ಬುಡವ್ವ. ಇನ್ನೊಂದ್ ಮಡಿಕೆ ಮುಟ್ಬ್ಯಾಡ ನೀನು. ಜೂನ್‌ಗೆ ಅವ್ನು ಇಲ್ಲಿಗ್ ಬತ್ತನಲ್ಲ, ಅದ ನಾನೇ ಬಿಚ್ತೀನಿ.”

ಫೋನಿಟ್ಟು ಆಕೆ ತನ್ನ ಸಾಲಿಗೆ ಹೋಗಿ ಕುಳಿತಳು. ಮಿಷನ್ನಿನ ಪಕ್ಕ ಕಾಲಂಚುಗಳ ಕಟ್ಟು ಕಾದಿತ್ತು. ಮೇಲಿನದೊಂದನ್ನು ಎತ್ತಿಕೊಂಡು, ಮುಕ್ಕಾಲು ಇಂಚು ಮಡಿಚಿದಳು.